ಬನಶಂಕರಮ್ಮನವರು ಮತ್ತು ಹೆಸರಿಲ್ಲದ ಹಾಳೆಗಳು

ಹಿಂದೂಪುರದ ಆಸುಪಾಸಿನ ಆಸ್ಪತ್ರೆಗಳಲ್ಲಿ, ರೋಗಿಯ ತೋಳು ಹಿಡಿಯುವ ಮೊದಲು ತನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವ ನರ್ಸ್ ಒಬ್ಬಳು ಕಣ್ಣಿಗೆ ಬಿದ್ದರೆ, ಆಕೆ ಶ್ರೀಮತಿ ಬನಶಂಕರಮ್ಮನವರ ಕೈಕೆಳಗೆ ಕಲಿತವಳೆಂದು ಕೇಳದೆಯೇ ಹೇಳಬಹುದು. ಶುಶ್ರೂಷೆಯ ಪಾಠ ಹೇಳುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಕಲಿಯುವ ಹುಡುಗಿಯರ ಕಣ್ಣಿಗೆ ತಮ್ಮ ತರಗತಿ, ತಮ್ಮ ವಾರ್ಡು, ತಮ್ಮ ಹಾಸ್ಟೆಲು ಹೇಗೆ ಕಾಣುತ್ತವೆಂದು ಕೇಳಿ, ಬಂದ ಉತ್ತರಕ್ಕಾಗಿ ಹಂಬಲಿಸಿದವರು ವಿರಳ. ಮೂವತ್ತೆರಡು ವರ್ಷಗಳ ಸೇವೆ ಮುಗಿಸಿ ಈಗ ನಿವೃತ್ತರಾಗುತ್ತಿರುವ ಬನಶಂಕರಮ್ಮನವರ ಆ ಹಂಬಲವನ್ನು, ಅವರು ಕಲಿಸಿದ ನರ್ಸಿಂಗ್ ಕಾಲೇಜಿನ ಗ್ರಂಥಾಲಯದ ಮೇಜಿನಾಚೆಯಿಂದ ನಾನು ಬಹುಕಾಲ ಕಂಡದ್ದರಿಂದ ಈ ನಾಲ್ಕು ಮಾತು.

ಅವರು ಪರಿಗಿ ಕಡೆಯ ಒಕ್ಕಲು ಮನೆತನದವರು. ತಂದೆ ನರಸಿಂಹಪ್ಪನವರು, ಊರಿನವರು ಆಡಿಕೊಂಡರೂ ಲೆಕ್ಕಿಸದೆ, ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹಿಂದೂಪುರಕ್ಕೆ ತಂದು ತರಬೇತಿಗೆ ಸೇರಿಸಿದರು. ಏಳು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದ ಬಳಿಕ ಅವರು ಕಲಿಸುವ ಕೆಲಸಕ್ಕೆ ಬಂದರು. ಆಗೆಲ್ಲ ವಾರ್ಡಿಗೆ ಹೋದ ವಿದ್ಯಾರ್ಥಿನಿಯರು ಚೀಟಿ ಒಯ್ಯುವುದರಲ್ಲಿ, ರಕ್ತದ ಬಾಟಲಿಗಳನ್ನು ಲ್ಯಾಬಿಗೆ ಮುಟ್ಟಿಸುವುದರಲ್ಲಿಯೇ ದಿನ ಕಳೆಯುತ್ತಿದ್ದರು. ಬನಶಂಕರಮ್ಮನವರು ಯಾರೊಡನೆಯೂ ಜಗಳಕ್ಕೆ ಹೋಗಲಿಲ್ಲ. ತಾವೇ ಬಾಟಲಿಯ ತಟ್ಟೆಗೆ ಕೈ ಒಡ್ಡಿದರು.

"ಕೊಡಿ ಸಿಸ್ಟರ್, ನಾನು ಹೋಗಿ ಬತ್ತೀನಿ. ಹುಡುಗೀರು ಡ್ರೆಸ್ಸಿಂಗ್ ನೋಡ್ಕೊಳ್ಲಿ."

"ಮೇಡಂನೋರೇ ಅಟೆಂಡರ್ ಆಗ್ಬುಟ್ರಾ?" ಎಂದು ವಾರ್ಡ್ ಸಿಸ್ಟರ್ ಕುಟುಕಿದರು.

"ಆಗ್ಬುಟ್ಟೆ ಕಣಮ್ಮ. ಸಂಬಳ ನೀವು ಕೊಡಬ್ಯಾಡಿ."

ಒಂದು ತಿಂಗಳು ಹೀಗೆಯೇ ನಡೆದ ಮೇಲೆ, ಆ ಸಿಸ್ಟರ್‌ಗೆ ನಾಚಿಕೆಯಾಗಿಯೋ ಏನೋ, ಲ್ಯಾಬಿಗೆ ಹೋಗಲು ಬೇರೆ ಆಳು ಬಂದ.

ಅನಂತಪುರದಲ್ಲಿ ನಡೆದ ಒಂದು ತರಬೇತಿಯಿಂದ ಮರಳಿದ ವರ್ಷ ಅವರು ಕಾಲೇಜಿನಲ್ಲಿ ಹೊಸ ಪದ್ಧತಿಯೊಂದನ್ನು ತಂದರು. ಓದು ಮುಗಿಸುವ ಮೊದಲು ಪ್ರತಿ ವಿದ್ಯಾರ್ಥಿನಿಯೂ ಒಂದು ಪ್ರಶ್ನಾವಳಿ ತುಂಬಬೇಕು. ಕಲಿಸುವವರು ಹೇಗೆ, ವಾರ್ಡಿನಲ್ಲಿ ಭಯವಿದೆಯೇ, ತಪ್ಪಾದರೆ ಹೇಳಿಕೊಳ್ಳಲು ಯಾರಾದರೂ ಇದ್ದಾರೆಯೇ ಎಂಬ ನಲವತ್ತು ಪ್ರಶ್ನೆಗಳು. ಕೊನೆಗೆ ಮನಸ್ಸಿಗೆ ಬಂದದ್ದು ಬರೆಯಲು ಒಂದು ಖಾಲಿ ಪುಟ. ಹೆಸರು ಬರೆಯುವಂತಿಲ್ಲ. ಮೊದಮೊದಲು ಆ ಖಾಲಿ ಪುಟಗಳಲ್ಲಿ ಎಂಥೆಂಥ ಮಾತು ಬರುತ್ತಿದ್ದವು! ಹಾಸ್ಟೆಲಿನ ಬಚ್ಚಲಿಗೆ ಚಿಲಕವಿಲ್ಲವೆಂದು ಒಬ್ಬಳು ಬರೆದಳು, ಮರುವಾರ ಚಿಲಕ ಬಂತು. ತಮ್ಮನ್ನು ಹೆಸರು ಹಿಡಿದು ಕರೆಯದೆ ರೋಲ್ ನಂಬರಿನಿಂದ ಕರೆಯುತ್ತಾರೆಂದು ಇನ್ನೊಬ್ಬಳು ಬರೆದಳು. ಬನಶಂಕರಮ್ಮನವರು ಅಂದೇ ತಮ್ಮ ಎರಡೂ ತರಗತಿಗಳ ಹುಡುಗಿಯರ ಹೆಸರನ್ನೂ ಬಾಯಿಪಾಠ ಮಾಡಿದರು.

ಎಂಟು ವರ್ಷದ ಹಿಂದೆ ಒಂದು ತಪ್ಪಾಯಿತು. ಮೂರನೆಯ ವರ್ಷದವರನ್ನು ಒಂದು ತಿಂಗಳ ಗ್ರಾಮೀಣ ತರಬೇತಿಗೆ ಕಲ್ಯಾಣದುರ್ಗಕ್ಕೆ ಕರೆದೊಯ್ಯುವುದು ವಾಡಿಕೆ. ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಮನೆಯಲ್ಲಿ ಇಪ್ಪತ್ತನಾಲ್ಕು ಹುಡುಗಿಯರೊಡನೆ ಬನಶಂಕರಮ್ಮನವರೂ ಚಾಪೆ ಹಾಸಿ ಮಲಗುತ್ತಿದ್ದರು. ಬೆಳಗಾದರೆ ಎಲ್ಲರೂ ಜೀಪಿನಲ್ಲಿ ಒತ್ತೊತ್ತಾಗಿ ಕುಳಿತು ಕಡಲೆಕಾಯಿ ಹೊಲಗಳ ನಡುವಿನ ಹಳ್ಳಿಗಳಿಗೆ ಹೋಗುತ್ತಿದ್ದರು. ಆ ವರ್ಷದ ಪ್ರಶ್ನಾವಳಿಯನ್ನು ಅಲ್ಲಿಯೇ ತುಂಬಿಸಿ, ಸಂಜೆ ಕುಳಿತು ಓದುತ್ತಿದ್ದಾಗ ಒಂದು ಹಾಳೆಯಲ್ಲಿ ಹೀಗಿತ್ತು: "ಮೇಡಂ ಪಕ್ಕದಲ್ಲಿ ನಿಂತರೆ ನನ್ನ ಕೈ ನಡುಗುತ್ತದೆ. ಅವರು ಇಲ್ಲದಾಗ ನಾನು ಒಳ್ಳೆಯ ನರ್ಸ್."

ಮೂರು ವರ್ಷ ದಿನವೂ ಆ ಹುಡುಗಿಯರು ರೋಗಿಗಳ ವಿವರ ಬರೆಯುವ ಪುಸ್ತಕಗಳನ್ನು ತಿದ್ದಿದ ಕಣ್ಣು ಅದು. ಅಕ್ಷರ ಯಾರದೆಂದು ಹುಡುಕಬೇಕಾಗಲಿಲ್ಲ. ಹರ್ಷಿತಾಳದು. ಅವಳು ಕಲ್ಯಾಣದುರ್ಗದ ಸಮೀಪದ ಹಳ್ಳಿಯವಳು, ಜೀಪು ಓಡಿಸುವ ನಾರಪ್ಪನ ಮಗಳು. ಬನಶಂಕರಮ್ಮನವರಿಗೆ ಮೊದಲು ನೋವಾಯಿತು. ಆಮೇಲೆ, ಇಷ್ಟಾದರೂ ಹೇಳಿದಳಲ್ಲ ಎಂದು ಪ್ರೀತಿ ಉಕ್ಕಿತು. ಬೆಳಿಗ್ಗೆ ಅವಳನ್ನು ಒಲೆಯ ಬಳಿಗೆ ಕರೆದು ತಟ್ಟೆಗೆ ಬಿಸಿ ಉಪ್ಪಿಟ್ಟು ಬಡಿಸಿದರು.

"ಇನ್ಮ್ಯಾಲೆ ನಾನು ದೂರ ನಿಂತ್ಕೋತೀನಿ ಕಣಮ್ಮ. ನಿಂಗೆ ಕಷ್ಟ ಕೊಟ್ಬುಟ್ಟೆ, ತಪ್ಪು ತಿಳೀಬ್ಯಾಡ."

ಹರ್ಷಿತಾ ತಟ್ಟೆಯನ್ನು ಕೆಳಗಿಟ್ಟಳು. "ಹೆಸರು ಬರ್ದಿರ್ಲಿಲ್ವಲ್ಲ ಮೇಡಂ" ಎಂದಳು. ಅಷ್ಟೇ.

ಸಂಜೆಯೊಳಗೆ ವಿಷಯ ಇಪ್ಪತ್ತನಾಲ್ವರಿಗೂ, ತಿಂಗಳೊಳಗೆ ಇಡೀ ಕಾಲೇಜಿಗೂ ತಿಳಿಯಿತು. ಮರುವರ್ಷದಿಂದ ನಲವತ್ತು ಪ್ರಶ್ನೆಗಳಿಗೂ "ಪೂರ್ಣವಾಗಿ ಒಪ್ಪುತ್ತೇನೆ" ಎಂಬಲ್ಲೇ ಗುರುತು, ಕೊನೆಯ ಪುಟದಲ್ಲಿ "ಎಲ್ಲಾ ಚೆನ್ನಾಗಿದೆ". ಆಡಳಿತ ಮಂಡಳಿಗೆ ಹಿಗ್ಗೋ ಹಿಗ್ಗು. ವಾರ್ಷಿಕೋತ್ಸವದಲ್ಲಿ ಆ ಅಂಕಿಗಳನ್ನು ದೊಡ್ಡದಾಗಿ ಬರೆಸಿ ತೂಗುಹಾಕಿ, ಬನಶಂಕರಮ್ಮನವರಿಗೆ ಶಾಲು ಹೊದಿಸಿದರು. ಮಾರನೆಯ ದಿನ ಅವರು ಗ್ರಂಥಾಲಯಕ್ಕೆ ಬಂದು, ಹಳೆಯ ವರ್ಷಗಳ ಹಾಳೆಗಳ ಕಟ್ಟನ್ನು ಬಿಚ್ಚಿಸಿಕೊಂಡು, ಆ ಚಿಲಕದ ಹುಡುಗಿಯ ಪುಟವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಹರ್ಷಿತಾ ಓದು ಮುಗಿಸಿ ಬಳ್ಳಾರಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಯುಗಾದಿಗೊಮ್ಮೆ ಸಂದೇಶ ಕಳಿಸುತ್ತಾಳೆ. ಹೇಗಿದ್ದೀಯೆಂದು ಕೇಳಿದರೆ ಅವಳದೂ ಅದೇ ಉತ್ತರ: ಎಲ್ಲಾ ಚೆನ್ನಾಗಿದೆ ಮೇಡಂ.

ಬನಶಂಕರಮ್ಮನವರು ಸುಮ್ಮನಿರಲಿಲ್ಲ. ಬೀಗದ ಪೆಟ್ಟಿಗೆ ಇಡಿಸಿದರು. ತಾವು ಮುಟ್ಟದೆ, ಬೇರೆಯವರಿಂದ ಓದಿಸಿಕೊಂಡು ಕೇಳಿದರು. ಏನೂ ಬದಲಾಗಲಿಲ್ಲ. ಏಳು ವರ್ಷ ಅವರು ಒಂದು ದೂರಿಗಾಗಿ, ಪರದೇಶಕ್ಕೆ ಹೋದವರ ಕಾಗದಕ್ಕೆ ಕಾಯುವಂತೆ ಕಾದರು.

ಈ ವರ್ಷ ಕಡೆಯ ಸಲ ಕಲ್ಯಾಣದುರ್ಗಕ್ಕೆ ಹೋದಾಗ, ಹಾಳೆ ಹಂಚುವ ಮೊದಲು ಅವರು ನೇರವಾಗಿಯೇ ಕೇಳಿದರು. "ನಿಜ ಯಾಕ್ರಮ್ಮ ಬರೆಯಲ್ಲ ನೀವು?"

ಮೌನಿಕಾ ಎಂಬ ಹುಡುಗಿಗೆ ಬಾಯಿ ಸ್ವಲ್ಪ ಜೋರು. "ಬರೆದ್ರೆ ನೀವು ಕರ್ದು ಟಿಫನ್ ಕೊಟ್ಟು ಸಾರಿ ಕೇಳ್ತೀರಂತೆ ಮೇಡಂ, ಸೀನಿಯರ್ಸ್ ಹೇಳವ್ರೆ. ಬೈದ್ರೆ ಪರವಾಲೇದು, ತಡ್ಕೋಬೋದು."

ಹುಡುಗಿಯರೆಲ್ಲ ನಕ್ಕರು. ಬನಶಂಕರಮ್ಮನವರೂ ನಕ್ಕು, ಆಮೇಲೆ ಹರ್ಷಿತಾಳ ವಿಷಯವನ್ನು ಏನೂ ಮುಚ್ಚದೆ ಹೇಳಿದರು. "ಹೆಸರು ಬ್ಯಾಡ ಅಂತ ನಾನೇ ಹೇಳಿ, ನಾನೇ ಹೆಸರು ಹಿಡಿದೆ. ಅವಳು ನನ್ನ ನಂಬಿದ್ಲು. ಅಕ್ಷರ ಮರೆಯೋಕೆ ನನ್ನ ಕೈಲಿ ಆಗಲ್ಲ. ಏನ್ ಮಾಡ್ಲಿ, ನೀವೇ ಹೇಳಿ."

ಹುಡುಗಿಯರು ಗುಸುಗುಸು ಮಾತಾಡಿಕೊಂಡು, ಅವರನ್ನು ಅಂಗಳಕ್ಕೆ ಕಳಿಸಿ ಬಾಗಿಲು ಹಾಕಿಕೊಂಡರು. ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ನಕಲು ಮಾಡುವುದು, ಮೂಲವನ್ನು ಹರಿದುಹಾಕುವುದು, ಇದು ಅವರು ಕಂಡುಕೊಂಡ ದಾರಿ. ಒಂದು ಗಂಟೆಯ ಮೇಲೆ ಕೈಗೆ ಬಂದ ಹಾಳೆಗಳಲ್ಲಿ ಅಕ್ಷರವೆಲ್ಲ ಪರಿಚಿತವಾಗಿತ್ತು, ಮಾತು ಯಾರದೆಂದು ಮಾತ್ರ ತಿಳಿಯುವಂತಿರಲಿಲ್ಲ. ಅವುಗಳಲ್ಲೊಂದು ಹೇಳಿತು: "ಮೇಡಂ ಪ್ರಶ್ನೆ ಕೇಳಿ, ನಾವು ಬಾಯಿ ತೆರೆಯುವ ಮೊದಲೇ ಉತ್ತರ ತಾವೇ ಹೇಳುತ್ತಾರೆ. ನಮಗೆ ಗೊತ್ತಿರುತ್ತದೆ. ಇನ್ನೊಂದು ನಿಮಿಷ ಕಾಯಬಾರದೇ?"

ಯಾರನ್ನೂ ಕರೆಯಲಿಲ್ಲ ಅವರು. ಯಾರ ಮುಖವನ್ನೂ ಹುಡುಕಲಿಲ್ಲ.

ಹಿಂದೂಪುರಕ್ಕೆ ಮರಳಿದ ಬಳಿಕ ನಡೆದ ಅವರ ಕಡೆಯ ತರಗತಿಯಲ್ಲಿ, ಬಾಣಂತಿಗೆ ಜ್ವರ ಬಂದರೆ ಮೊದಲೇನು ಮಾಡುತ್ತೀರಿ ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಬನಶಂಕರಮ್ಮನವರ ತುಟಿ ಅಲುಗಿತು. ಸೀಮೆಸುಣ್ಣವನ್ನು ಬಿಗಿಯಾಗಿ ಹಿಡಿದು ಸುಮ್ಮನಾದರು. ಹೊರಗೆ ಆಟೋವೊಂದು ಹಾದುಹೋಗಿ ಸದ್ದಡಗುವವರೆಗೂ ಕಾದರು. ಮೂರು ವರ್ಷದಲ್ಲಿ ಒಮ್ಮೆಯೂ ಎದ್ದು ನಿಂತಿರದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ ಮೇಲೆದ್ದಳು.

"ಯಾವಾಗಿಂದ ಬತ್ತೈತೆ ಅಂತ ಕೇಳ್ತೀನಿ ಮೇಡಂ."

"ಆಮ್ಯಾಲೆ?" ಎಂದು ಕೇಳಿ, ಬನಶಂಕರಮ್ಮನವರು ಮತ್ತೆ ಕಾದರು.

ಅವರಿಗೆ ಆಯಸ್ಸೂ ಆರೋಗ್ಯವೂ ತುಂಬಿಬರಲಿ. ವರ್ಷಕ್ಕೊಂದು ತಿಂಗಳಾದರೂ ಆ ಬಾಡಿಗೆ ಮನೆಯ ಚಾಪೆಯ ಮೇಲೆ ಹೊಸ ಹುಡುಗಿಯರ ನಡುವೆ ಕುಳಿತು ಕೇಳುವ ಚೈತನ್ಯ ಅವರಲ್ಲಿ ಉಳಿಯಲಿ. ಉತ್ತರ ಬರಲು ತಡವಾದಷ್ಟೂ ಅವರ ದಿನಗಳು ದೀರ್ಘವಾಗಲಿ.