ಮಹಡಿ ಅಮ್ಮ ಮತ್ತು ನನ್ನ ಪ್ರಾಂಪ್ಟಿಂಗು

ಪುಂಡಿಸೊಪ್ಪು ಬಿಡಿಸುವಾಗ ಯಾರಾದರೂ ಮಾತಾಡಿಸಿದರೆ ಮಹಡಿ ಅಮ್ಮನ ಕೈ ನಿಂತುಬಿಡುತ್ತಿತ್ತು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಎಲೆ, ಮುಕ್ಕಾಲು ಕಿತ್ತು, ಇನ್ನೂ ದಂಟಿಗೆ ಅಂಟಿಕೊಂಡಿರುತ್ತಿತ್ತು. ಅವರು ಮಾತಾಡುವವರ ಮುಖವನ್ನೇ ನೋಡುತ್ತಿದ್ದರು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ. ಆಮೇಲೆ ಎಲೆ ದಂಟು ಬಿಡುತ್ತಿತ್ತು, ಮೊರಕ್ಕೆ ಬೀಳುತ್ತಿತ್ತು, ಕೊನೆಗೆ ಉತ್ತರ ಬರುತ್ತಿತ್ತು.

ಅವರಿಗೆ ಕಿವಿ ಮಂದವೆಂದು ನಾನು ತೀರ್ಮಾನಿಸಿದ್ದೆ. ಬ್ಯಾಂಕಿನವರು ನನ್ನನ್ನು ಚಿತ್ರದುರ್ಗದಿಂದ ಎತ್ತಿ ವಿಜಯವಾಡಕ್ಕೆ ಹಾಕಿದಾಗ, ಅವರ ಮನೆಯ ಕೆಳಗಿನ ಭಾಗಕ್ಕೆ ಬಾಡಿಗೆಗೆ ಬಂದವನು ನಾನು. ಮೊದಲ ಒಂದು ತಿಂಗಳು ಪ್ರತಿ ಮಾತನ್ನೂ ಎರಡು ಸಲ ಹೇಳುತ್ತಿದ್ದೆ, ಎರಡನೆಯ ಸಲ ಇಡೀ ಓಣಿಗೆ ಕೇಳುವಂತೆ. ಒಂದು ದಿನ ಎಲೆ ಮೊರಕ್ಕೆ ಬಿದ್ದ ಮೇಲೆ ಅವರೇ ಹೇಳಿದರು:

"ತಮ್ಮಾ, ನನ್ನ ಕಿವಿ ಚಲೋ ಅದಾವು. ನಿನಗ ತಾಳ್ಮಿ ಇಲ್ಲ, ಅಷ್ಟ."

ನನ್ನ ಹೆಂಡತಿ ಈ ಮಾತನ್ನು ಆಮೇಲೆ ಎಷ್ಟು ಸಲ ನನ್ನ ಮೇಲೆ ಪ್ರಯೋಗಿಸಿದ್ದಾಳೋ ಲೆಕ್ಕವಿಲ್ಲ. ಅವಳ ತಪ್ಪೂ ಅಲ್ಲ. ನಾನು ರೈಲಿಗೆ ಎರಡು ಗಂಟೆ ಮೊದಲೇ ಹೋಗಿ ಪ್ಲಾಟ್‌ಫಾರಂ ಮೇಲೆ ಕೂರುವವನು. ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿ, ಬೀಗ ಹಾಕಿ, ಮತ್ತೆ ಬೀಗ ತೆಗೆದು ರೆಗ್ಯುಲೇಟರ್ ನೋಡುವವನು. ಯಾರಾದರೂ ಒಂದು ಕ್ಷಣ ಸುಮ್ಮನಾದರೆ ಸಾಕು, ಅವರಿಗೆ ಏನೋ ಆಗಿದೆ ಎಂದು ನೀರು ತರಲು ಏಳುವವನು.

ಮೇಲಿನ ಮಹಡಿಯಲ್ಲಿದ್ದಾರೆಂದು ನಮ್ಮ ಮಕ್ಕಳಿಟ್ಟ ಹೆಸರು ಮಹಡಿ ಅಮ್ಮ. ಅವರು ಗದಗಿನ ಕಡೆಯವರು. ಚಿಕ್ಕ ವಯಸ್ಸಿನಲ್ಲಿ ತಾಯಿಯ ಜೊತೆ ನಾಟಕ ಕಂಪನಿ ಸೇರಿ, ಕಂಪನಿ ಮುಳುಗಿದ ಮೇಲೆ ಮದರಾಸಿಗೆ ಹೋಗಿ, ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತ ಮುಪ್ಪಾದವರು. ಸೂಲಗಿತ್ತಿ, ಪಕ್ಕದ ಮನೆಯಾಕೆ, ಅತ್ತೆಗೆ ಚಾಡಿ ಹೇಳುವ ನೆಂಟರವಳು, ಹೆಣದ ಪಕ್ಕ ಅಳುವ ನಾಲ್ವರಲ್ಲಿ ಮೂರನೆಯವಳು. ಇಪ್ಪತ್ತೈದು ತುಂಬುವ ಮೊದಲೇ ಅವರ ತಲೆಗೆ ಬಿಳಿ ಪೌಡರು ಹಾಕಿ, ಅವರಿಗಿಂತ ಹಿರಿಯನಾದ ಹೀರೋಗೆ ತಾಯಿ ಮಾಡಿದ್ದರಂತೆ. "ಅವನ ತಲಿ ಮ್ಯಾಲೆ ಕೈಯಿಟ್ಟು ಆಶೀರ್ವಾದ ಮಾಡಬೇಕು. ಅವ ಕಟ್ಟಿಕೊಂಡಿದ್ದ ಚೌರಿ ಎಲ್ಲಿ ಕೈಗೆ ಬರತದೋ ಅಂತ ನನಗ ಹೆದರಿಕಿ," ಎಂದು ನಗುತ್ತಿದ್ದರು. ತಂಗಿಯ ಮಗಳು ಇಬ್ರಾಹಿಂಪಟ್ನಂನ ಶಾಲೆಯೊಂದರಲ್ಲಿ ಟೀಚರು. ಆಕೆಯ ಜೊತೆಗಿರಲು ಕೊನೆಗೆ ವಿಜಯವಾಡಕ್ಕೆ ಬಂದು ನೆಲೆಸಿದ್ದರು. ಇಲ್ಲಿ ಪುಂಡಿಗೆ ಗೋಂಗೂರ ಎನ್ನುತ್ತಾರೆ, ದಿನವೂ ಮನೆಬಾಗಿಲಿಗೆ ಬರುತ್ತದೆ ಎಂಬುದೊಂದೇ ಈ ಊರಿನ ಬಗ್ಗೆ ಅವರಿಗಿದ್ದ ಸಮಾಧಾನ. ಸೆಖೆಯ ಬಗ್ಗೆ ಮಾತ್ರ ಯಾವ ಸಮಾಧಾನವೂ ಇರಲಿಲ್ಲ.

ಸಿನಿಮಾದಲ್ಲಿ ನಿಮ್ಮ ಹೆಸರು ಏನಂತ ಬರುತ್ತಿತ್ತು ಎಂದು ಒಮ್ಮೆ ಕೇಳಿದೆ.

"ಇತರರು," ಎಂದರು. "ಭಾಳ ಪಿಕ್ಚರಿನ್ಯಾಗ ಅದಾಳ ಅಕಿ. ನೀ ನೋಡಿರತಿ."

ಅವರ ಮನಸ್ಸಿಗೆ ನಾಟಿದ್ದು ಹೆಸರಿನ ವಿಷಯವಲ್ಲ, ದನಿಯ ವಿಷಯ. ಅವರು ಮಾಡಿದ್ದೆಲ್ಲ ಹೆಚ್ಚುಕಡಿಮೆ ತೆಲುಗು ಚಿತ್ರಗಳು. ಅವರ ತೆಲುಗಿನಲ್ಲಿ ಗದಗು ಕೇಳಿಸುತ್ತದೆಂದು ಬೇರೆ ಯಾರಿಂದಲೋ ಮಾತು ತುಂಬಿಸುತ್ತಿದ್ದರು. ಅವರ ತಾಯಿ ಒಮ್ಮೆ ಟೆಂಟಿನಲ್ಲಿ ಕೂತು ಮಗಳ ಚಿತ್ರ ನೋಡಿ, "ಮಾರಿ ನನ್ನ ಮಗಳದು, ಒಳಗ ಯಾರೋ ಕುಂತಾರ," ಎಂದು ಅರ್ಧಕ್ಕೇ ಎದ್ದು ಬಂದಿದ್ದರಂತೆ.

ಇದನ್ನು ಹೇಳಿದ ಸಂಜೆ ತಾರಸಿಯ ಮೇಲೆ ನಾವಿಬ್ಬರೇ ಇದ್ದೆವು. ಒಣಗಿದ ಸೀರೆಗಳನ್ನು ಮಡಿಸುತ್ತ ಅವರು ಹೇಳಿದರು: "ಒಂದ ಸಲ ಸ್ಟೇಜಿನ ಮ್ಯಾಲೆ ನಿಂತು, ನನ್ನ ದನೀಲೆ, ಕನ್ನಡದಾಗ ಒಂದು ಪಾರ್ಟು ಮಾಡಬೇಕು ತಮ್ಮಾ. ದೊಡ್ಡದು ಬ್ಯಾಡ. ಬಂದು ಹೋಗೂದು ಸಾಕು."

ನಾನು ತಕ್ಷಣ, "ಮಾಡಿಸೋಣ ಬಿಡಿ ಅಮ್ಮ," ಎಂದೆ. ಸುಮ್ಮನಿರಲಾರದೆ ಆಡಿದ ಮಾತು ಅದು. ಅವರು ಸೀರೆ ಮಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

ಎರಡು ವರ್ಷದ ಮೇಲೆ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿನ ಕಾರ್ಖಾನೆಯ ಟೌನ್‌ಶಿಪ್ಪಿನಲ್ಲಿ ಕನ್ನಡದವರ ಸಂಘವೊಂದಿತ್ತು. ರಾಜ್ಯೋತ್ಸವಕ್ಕೆ ಹಾಡು, ಚಿತ್ರಾನ್ನ, ಒಂದು ನಾಟಕ. ಕಾಲೇಜಿನಲ್ಲಿ ನಾಟಕ ಆಡಿಸುತ್ತಿದ್ದೆ ಎಂದು ಎಲ್ಲೋ ಬಾಯಿಬಿಟ್ಟ ತಪ್ಪಿಗೆ ಆ ವರ್ಷದ ನಾಟಕ ನನ್ನ ತಲೆಗೆ ಬಂತು. ನಾನೇ ಬರೆದೆ. ನಾನೇ ನಿರ್ದೇಶಕ. ಯಾರ ಮೇಲೂ ನಂಬಿಕೆ ಇಲ್ಲದ್ದರಿಂದ ಪರದೆಯ ಪಕ್ಕ ಪುಸ್ತಕ ಹಿಡಿದು ಮಾತು ಎತ್ತಿಕೊಡುವ ಪ್ರಾಂಪ್ಟರೂ ನಾನೇ. ವರ್ಗವಾದ ಗುಮಾಸ್ತನೊಬ್ಬನ ಮನೆಯ ಕಥೆ. ಅದರಲ್ಲೊಂದು ಅಜ್ಜಿಯ ಪಾತ್ರ, ಐದು ಮಾತು. ಕೊನೆಯಲ್ಲಿ ಮಗ ಬಂದು, "ಮತ್ತೆ ಊರು ಬಿಡಬೇಕು, ನೀನೂ ಬರ್ತೀಯಾ?" ಎಂದು ಕೇಳುತ್ತಾನೆ. ಅಜ್ಜಿ, "ಬರ್ತೀನಪ್ಪ, ಹಾಸಿಗೆ ಸುತ್ತು," ಎನ್ನುತ್ತಾಳೆ. ಪರದೆ.

ಫೋನು ಮಾಡಿದೆ. ಆ ಕಡೆ ಎಷ್ಟು ಹೊತ್ತು ಸದ್ದಿಲ್ಲವೆಂದರೆ ಲೈನು ಕಟ್ಟಾಯಿತೆಂದು ಮೂರು ಸಲ ಹಲೋ ಎಂದೆ. ಆಮೇಲೆ ಅವರು, "ಯಾವಾಗ ಬರಬೇಕು?" ಎಂದರು.

ಹತ್ತು ದಿನ ಮೊದಲೇ ಬಂದು ನಮ್ಮ ಮನೆಯಲ್ಲಿ ಇಳಿದರು. ಚೀಲದಲ್ಲಿ ಒಂದು ಇಳಕಲ್ ಸೀರೆ ಇತ್ತು, ಕಂಪನಿಯ ಕಾಲದ್ದು, ಮಡಿಕೆಗಳಲ್ಲಿ ಬಣ್ಣ ಮಾಸಿದ್ದು. ಅಜ್ಜಿಯ ವೇಷಕ್ಕೆ ಎಂದು ತಂದಿದ್ದರು. ಬಂದ ಸಂಜೆಯೇ ನನ್ನ ಹೆಂಡತಿಯಿಂದ ಇಸ್ತ್ರಿಪೆಟ್ಟಿಗೆ ಕೇಳಿ ಪಡೆದರು.

ರಿಹರ್ಸಲ್ಲು ಟೌನ್‌ಶಿಪ್ಪಿನ ಕ್ಲಬ್ಬಿನಲ್ಲಿ. ಮೊದಲ ನಾಲ್ಕು ಮಾತು ಸರಿಯಾಗಿ ಬಂದವು. ಕೊನೆಯದಕ್ಕೆ, ಮಗ ಪ್ರಶ್ನೆ ಕೇಳಿದ. ಮಹಡಿ ಅಮ್ಮ ಸುಮ್ಮನೆ ನಿಂತರು. "ಬರ್ತೀನಪ್ಪ," ಎಂದು ಪರದೆಯ ಪಕ್ಕದಿಂದ ಎತ್ತಿಕೊಟ್ಟೆ. ಅವರು ನನ್ನ ಕಡೆ ನೋಡಿ, ಹಾಗೆಯೇ ಹೇಳಿದರು. ಎರಡನೆಯ ಸಲವೂ ನಿಂತರು. ಎತ್ತಿಕೊಟ್ಟೆ. ಮೂರನೆಯ ದಿನ ಮಗ ಇನ್ನೂ ಬಾಯಿ ಮುಚ್ಚುವ ಮೊದಲೇ ನಾನು "ಬರ್ತೀನಪ್ಪ" ಎಂದುಬಿಟ್ಟಿದ್ದೆ. ಅವರು ಒಮ್ಮೆಯೂ ಬೇಡವೆನ್ನಲಿಲ್ಲ. ಸ್ಟುಡಿಯೋಗಳಲ್ಲಿ ಸಣ್ಣ ಪಾತ್ರದವರು ಡೈರೆಕ್ಟರಿಗೆ ಎದುರು ಹೇಳುವುದಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಸಂಘದ ಕಾರ್ಯದರ್ಶಿ, ಮೈಸೂರು ಕಡೆಯ ಇಂಜಿನಿಯರು, ನನ್ನನ್ನು ಹೊರಗೆ ಕರೆದ.

"ಸಾರ್, ಅಜ್ಜಿ ಮರೀತಾರೆ. ದೊಡ್ಡ ಆಫೀಸರ್‌ಗಳೆಲ್ಲ ಫ್ಯಾಮಿಲಿ ಸಮೇತ ಬರ್ತಾರೆ. ಕ್ಲೈಮ್ಯಾಕ್ಸಲ್ಲೇ ನಿಂತ್‌ಬಿಟ್ರೆ?"

"ವಯಸ್ಸಾಯ್ತು. ಬಿ.ಪಿ. ಬೇರೆ ಇದೆ," ಎಂದೆ.

"ಅದೇ ನಾನು ಹೇಳೋದು. ಸನ್ಮಾನ ಮಾಡ್ಬಿಡೋಣ. ಶಾಲು, ಹಣ್ಣಿನ ಬುಟ್ಟಿ, ಗಂಧದ ಹಾರ. ಅವರಿಗೂ ಗೌರವ, ನಮಗೂ ನೆಮ್ಮದಿ."

ನಮ್ಮ ಸಂಘಗಳಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆಯಬೇಕಾದರೆ ಶಾಲು ಹೊದಿಸುತ್ತೇವೆ. ನಾನು ಒಪ್ಪಿದೆ. ಬಿ.ಪಿ.ಯ ಬಗ್ಗೆ ನನಗೆ ಚಿಂತೆ ಇದ್ದದ್ದು ನಿಜ, ಆದರೆ ಒಪ್ಪಿದ್ದು ಅದಕ್ಕಲ್ಲ. ನಾಟಕ ಬಿದ್ದರೆ ನನ್ನ ಮರ್ಯಾದೆ ಹೋಗುತ್ತದೆಂದು ಒಪ್ಪಿದೆ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಮನೆಯಲ್ಲಿ ಹೇಳುವ ಧೈರ್ಯವಿಲ್ಲದೆ, ಭಾನುವಾರ ಅವರನ್ನು ಭೀಮುನಿಪಟ್ಟಣದ ಕಡಲ ತೀರಕ್ಕೆ ಕರೆದುಕೊಂಡು ಹೋದೆ. ದೋಣಿಗಳನ್ನು ಮರಳ ಮೇಲೆ ಎಳೆದಿಟ್ಟಿದ್ದರು. ಒಂದರ ನೆರಳಲ್ಲಿ ಕೂತು ನಾನು ಆರೋಗ್ಯದ ಬಗ್ಗೆ, ಸೆಖೆಯ ಬಗ್ಗೆ, ಸ್ಟೇಜಿನ ಮೆಟ್ಟಿಲುಗಳ ಎತ್ತರದ ಬಗ್ಗೆ ದೀರ್ಘವಾಗಿ ಮಾತಾಡಿದೆ. ಕೊನೆಗೆ ಸನ್ಮಾನದ ಸುದ್ದಿ ಹೇಳಿದೆ. ಅವರು ಬೊಗಸೆಗೆ ತೆಗೆದುಕೊಂಡಿದ್ದ ಮರಳು ಸೋರುವುದು ನಿಂತಿತು.

"ಆತು," ಎಂದರು. "ಅಜ್ಜಿ ಪಾರ್ಟು ಯಾರು ಮಾಡತಾರ?"

"ನಮ್ಮ ಮನೆಯವಳೇ ಮಾಡ್ತಾಳೆ ಅಮ್ಮ. ಮಾತೆಲ್ಲ ಬಾಯಿಪಾಠ ಇದೆ ಅವಳಿಗೆ."

"ಚಲೋ ಆತು. ಅಕಿಗೆ ಒಂದು ಹೇಳು. ಆ ಕಡೀ ಮಾತಿಗೆ ಮಗನ ಮಾರಿ ನೋಡಬಾರದು. ಬಾಗಲಾ ನೋಡಬೇಕು. ಎಷ್ಟು ಬಾಗಲಾ ದಾಟಿರತಾಳ ಅಕಿ."

ಹೆಂಡತಿಗೆ ಆ ರಾತ್ರಿ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತ, "ಅವರ ಪಾರ್ಟು ಕಿತ್ಕೊಂಡು ನಂಗೆ ಕೊಡೋಕೆ ನಿಮಗೆ ನಾಚಿಕೆ ಆಗಲ್ವಾ?" ಎಂದಳು. ಆಮೇಲೆ ಮಹಡಿ ಅಮ್ಮನೇ ಅವಳನ್ನು ಒಪ್ಪಿಸಿದರು. ಮೂರು ದಿನ ನಮ್ಮ ಅಡುಗೆಮನೆಯಲ್ಲಿ, ನನ್ನನ್ನು ಹೊರಗಿಟ್ಟು, ಅವಳಿಗೆ ಪಾಠ ನಡೆಯಿತು.

ರಾಜ್ಯೋತ್ಸವದ ದಿನ ಅವರು ಉಟ್ಟದ್ದು ಮಂಗಳಗಿರಿಯ ನೂಲಿನ ಸೀರೆ. ಇಸ್ತ್ರಿ ಮಾಡಿದ ಇಳಕಲ್ಲು ಚೀಲದೊಳಗೇ ಉಳಿಯಿತು. ವೇದಿಕೆಯ ನಡುವೆ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಕಾರ್ಯದರ್ಶಿ ಅವರನ್ನು ಕನ್ನಡದ ಕಣ್ಮಣಿ ಎಂದು ಹೊಗಳಿದ. ಶಾಲಿನ ಮೇಲೆ ಹಾರ, ಹಾರದ ಮೇಲೆ ಬುಟ್ಟಿ. ಅವರ ಮುಖ ಹಣ್ಣುಗಳ ಹಿಂದೆ ಮರೆಯಾಯಿತು. ಎರಡು ಮಾತು ಆಡಬೇಕೆಂದು ಸಂಘದವರು ಅವರ ಮುಂದೆ ಮೈಕು ಹಿಡಿದರು. ಅವರು ಬುಟ್ಟಿಯನ್ನು ಕೆಳಗಿಟ್ಟು ಎದ್ದು ನಿಂತು, ಸಭೆಯನ್ನು ನೋಡಿದರು. ನನಗೆ ಪರದೆಯ ಪಕ್ಕ ಬೆವರಿತು.

"ಇಷ್ಟು ಮಂದಿ ಮುಂದ ಕನ್ನಡದಾಗ ಮಾತಾಡಿ ಭಾಳ ದಿವಸ ಆತು," ಎಂದರು. "ನಾಟಕ ಶುರು ಮಾಡ್ರಿ."

ನಾಟಕ ಚೆನ್ನಾಗಿಯೇ ಆಯಿತು. ನನ್ನ ಹೆಂಡತಿ ಬಾಗಿಲು ನೋಡಿದಳು. ನೋಡಿ ಬಾಯಿ ತೆರೆಯುವಷ್ಟರಲ್ಲಿ ನಾನು ಎತ್ತಿಕೊಟ್ಟೆ. ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿ ಕೂತಿದ್ದ ಮಹಡಿ ಅಮ್ಮನ ಕೈಗಳು ತೊಡೆಯ ಮೇಲೆ ನಿಂತೇ ಇದ್ದವು. ಎಲ್ಲರ ಚಪ್ಪಾಳೆ ಮುಗಿಯುತ್ತ ಬಂದಾಗ ಅವರದು ಶುರುವಾಯಿತು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಮಗಳು ಟಿ.ವಿ. ಮುಂದಿನಿಂದ ಕೂಗಿದಳು. ಅವಳಿಗೆ ಆಗಲೇ ಕನ್ನಡಕ್ಕಿಂತ ತೆಲುಗು ಹಗುರವಾಗಿತ್ತು. "ನಾನ್ನಾ, ಇಟು ರಾ. ಮಹಡಿ ಅಮ್ಮ ಕದಾ?" ಅಪ್ಪಾ ಬಾ, ಇದು ಮಹಡಿ ಅಮ್ಮ ಅಲ್ಲವೇ ಎಂದು.

ಯಾವುದೋ ಹಳೆಯ ಕಪ್ಪುಬಿಳುಪಿನ ತೆಲುಗು ಚಿತ್ರ. ಸೊಂಟದ ಮೇಲೆ ನೀರಿನ ಬಿಂದಿಗೆ ಹೊತ್ತ ಪಕ್ಕದ ಮನೆಯಾಕೆ ನಮ್ಮ ಮಹಡಿ ಅಮ್ಮನೇ, ಮೂವತ್ತರ ಹರೆಯ. ನಾಯಕಿ ಬಾಗಿಲಲ್ಲಿ ನಿಂತು, ದೋಣಿಯಲ್ಲಿ ನಮ್ಮವರು ಬಂದರೇ ಎಂದು ಕೇಳುತ್ತಾಳೆ. ಈಕೆ ಉತ್ತರಿಸುವುದಿಲ್ಲ. ಬಿಂದಿಗೆಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸುತ್ತಾಳೆ. ಬೀದಿಯ ಕಡೆ ನೋಡುತ್ತಾಳೆ. ನಾನು ಸೋಫಾದ ಅಂಚಿಗೆ ಬಂದಿದ್ದೆ. ನನಗರಿವಿಲ್ಲದೆ, "ರಾಲೇದು, ರಾಲೇದು ಅನ್ನಿ, ಬರಲಿಲ್ಲ ಅನ್ನಿ," ಎಂದು ಟಿ.ವಿ.ಗೂ ಮಾತು ಎತ್ತಿಕೊಡುತ್ತಿದ್ದೆ. ಬಿಂದಿಗೆ ಕೆಳಗಿಳಿಯಿತು. ಅಷ್ಟರಲ್ಲಿ ನಾಯಕಿಯ ಮುಖ ಕುಸಿದುಹೋಗಿತ್ತು. ಆಮೇಲೆ, ಯಾರದೋ ತೆಳ್ಳನೆಯ ದನಿಯಲ್ಲಿ, "ರಾಲೇದಮ್ಮಾ."

ಮಾತು ಬೇರೆಯವರದ್ದು. ಅದಕ್ಕೆ ಮುಂಚಿನ ಮೌನ ಮಾತ್ರ ಅವರದ್ದೇ. ಮದರಾಸಿನ ಯಾವ ಸ್ಟುಡಿಯೋದವರಿಗೂ ಅದಕ್ಕೆ ಬೇರೆಯವರನ್ನು ಕೂರಿಸಲಾಗಿರಲಿಲ್ಲ. ನಾನು ಕ್ಲಬ್ಬಿನಲ್ಲಿ ಮೂರು ದಿನ ಕೂತು ಆ ಕೆಲಸ ಮಾಡಿದ್ದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದ ಹೆಂಡತಿ, "ಅವರೇನೂ ಮರ್ತಿರ್ಲಿಲ್ಲ," ಎಂದಳು.

"ನಿಂಗೆ ಗೊತ್ತಿತ್ತಾ?"

"ಅಡುಗೆಮನೇಲಿ ಹೇಳಿಕೊಟ್ಟಿದ್ದೇ ಅದನ್ನ. ನೀವು ಬಿಡಲಿಲ್ಲ."

ಮುಂದಿನ ಶನಿವಾರವೇ ವಿಜಯವಾಡಕ್ಕೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಉರು ಹೊಡೆದೆ. ಗೋದಾವರಿಯ ಸೇತುವೆ ದಾಟುವಾಗ ಅದು ಒಂದು ಹದಕ್ಕೆ ಬಂದಿತ್ತು. ಕ್ಷಮಿಸಿ ಎಂಬುದು ಮೊದಲು, ಕಾರಣಗಳು ಆಮೇಲೆ, ಅಥವಾ ಕಾರಣಗಳೇ ಬೇಡ.

ಅವರು ಹಾಸಿಗೆ ಹಿಡಿದಿದ್ದರು. ಮೈ ಅರ್ಧವಾಗಿತ್ತು. ತಂಗಿಯ ಮಗಳು ನನಗೆ ಕುರ್ಚಿ ಹಾಕಿ, ಕಾಫಿ ತರುತ್ತೇನೆಂದು ಒಳಗೆ ಹೋದಳು. "ಬಂದ್ಯಾ ತಮ್ಮಾ," ಎಂದರು. ಬೆರಳುಗಳು ಹೊದಿಕೆಯ ಅಂಚಿನ ಒಂದು ನೂಲನ್ನು ಎಳೆಯುತ್ತಿದ್ದವು.

"ಅಮ್ಮ, ಆವತ್ತು ನಾಟಕದಲ್ಲಿ..." ಎಂದೆ. ಮುಂದಿನದು ಬರಲಿಲ್ಲ.

ಅವರ ಬೆರಳು ನಿಂತಿತು. ನನ್ನ ಮುಖವನ್ನೇ ನೋಡಿದರು. ಬೇರೆ ಯಾರಾದರೂ ಆಗಿದ್ದರೆ, ಇರಲಿ ಬಿಡಪ್ಪ, ಅದೆಲ್ಲ ಹಳೇದು ಎಂದು ಕೈಹಿಡಿದು ದಾಟಿಸುತ್ತಿದ್ದರು. ಅವರು ಇನ್ನೊಬ್ಬರ ಮಾತನ್ನು ಎತ್ತಿಕೊಡುವವರಲ್ಲ. ಫ್ಯಾನು ತಿರುಗುತ್ತಿತ್ತು. ಕಾಫಿಯ ಲೋಟ ಇಟ್ಟ ಸದ್ದಾಯಿತು. ಅವರಿಗೆ ಏನು ಬರುತ್ತಿದೆಯೆಂದು ಗೊತ್ತಿತ್ತು, ನಾನು ಹೇಳುವವರೆಗೆ ಕಾಯಲು ಸಿದ್ಧರಿದ್ದರು. ನನಗೆ ಆ ಮೌನವನ್ನು ತಡೆಯಲಾಗಲಿಲ್ಲ.

"ಬಿ.ಪಿ. ಮಾತ್ರೆ ತಗೊಂಡ್ರಾ ಅಮ್ಮ?" ಎಂದೆ.

ಅವರು ಇನ್ನೂ ಒಂದು ಕ್ಷಣ ನನಗೆ ಬಿಟ್ಟುಕೊಟ್ಟರು. ಆಮೇಲೆ ನೂಲು ಕಿತ್ತು ಬಂತು.

"ತಗೊಂಡೆ. ಉಂಡು ಹೋಗು. ಪುಂಡಿ ಮಾಡ್ಯಾಳ."

ಉಂಡು ಬಂದೆ. ಒಂದೂವರೆ ತಿಂಗಳಿಗೆ ಅವರು ಹೋದರು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಇಳಕಲ್ ಸೀರೆ ಉಡಿಸಿದ್ವಿ ಅಣ್ಣಾ," ಎಂದಳು ತಂಗಿಯ ಮಗಳು. "ದೊಡ್ಡಮ್ಮನೇ ಇಸ್ತ್ರಿ ಮಾಡಿಟ್ಟಿದ್ರು ಕದಾ, ಹಾಗೇ ಇತ್ತು."

ಸಂಘದವರು ಈಗಲೂ ನನ್ನ ಕೈಗೆ ಪುಸ್ತಕ ಕೊಟ್ಟು ಪರದೆಯ ಪಕ್ಕ ನಿಲ್ಲಿಸುತ್ತಾರೆ. ಯಾರಾದರೂ ನಡುವೆ ಸುಮ್ಮನಾದರೆ ನಾನು ಪುಸ್ತಕ ಮುಚ್ಚಿ ತುಟಿ ಕಚ್ಚಿಕೊಳ್ಳುತ್ತೇನೆ. ಹೋದ ವರ್ಷ ಒಬ್ಬಾತ ನಿಜವಾಗಿಯೂ ಮರೆತಿದ್ದ. ಬೆವರೊರೆಸಿಕೊಳ್ಳುತ್ತ ನನ್ನತ್ತ ಅಂಗಲಾಚಿ ನೋಡುತ್ತಿದ್ದ. ಇಡೀ ಸಭೆಗೆ ಅದು ಗೊತ್ತಾಗಿತ್ತು. ನನಗೂ ಗೊತ್ತಾಗಿತ್ತು.

ಆದರೂ ಸ್ವಲ್ಪ ಹೊತ್ತು ಕಾದೆ.