ಅಮವಾಸ್ಯೆ ಗೊತ್ತಿಲ್ಲದ ಅಲಾರಾಂ

ಹೋದ ವಾರ ಮಂಠಾಳದ ಹಾಲಿನ ಟ್ಯಾಂಕ್ ಕೆಟ್ಟಿತು. ಟ್ಯಾಂಕ್ ಕೆಡುವುದು ಸುದ್ದಿಯಲ್ಲ. ಒಳಗಿನ ಹಾಲೆಲ್ಲ ಹುಳಿಯಾಗಿ, ಒಯ್ಯಲು ಬಂದ ಟ್ಯಾಂಕರ್ ಡ್ರೈವರ್ ಮೂಗು ಮುಚ್ಚಿಕೊಂಡು ನಿಲ್ಲುವವರೆಗೂ ನನ್ನ ಫೋನ್ ತೆಪ್ಪಗೆ ಬಿದ್ದಿತ್ತಲ್ಲ, ಅದು ಸುದ್ದಿ.

ನಿಮಗೆ ಗೊತ್ತೇ ಇದೆ, ನನ್ನ ಹೊಟ್ಟೆಪಾಡು ಈ ಅಂಕಣದಿಂದ ನಡೆಯುವುದಿಲ್ಲ. ಹುಮನಾಬಾದಿನ ಒಂದು ಖಾಸಗಿ ಡೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿ ಒಂದು ಮಾನಿಟರಿಂಗ್ ಸಾಫ್ಟ್‌ವೇರ್ ಇದೆ. ನಮ್ಮ ಸರ್ವರ್, ನೆಟ್‌ವರ್ಕ್, ಜೊತೆಗೆ ಮಂಠಾಳ, ಕೊಹಿನೂರ, ಕೊಡಂಬಲದ ಹಾಲಿನ ಟ್ಯಾಂಕುಗಳು, ಎಲ್ಲವನ್ನೂ ಅದು ಕಾಯುತ್ತದೆ. ಸರಿ ಇದ್ದರೆ ಪರದೆಯ ಮೇಲೆ ಹಸಿರು. ಕೆಟ್ಟರೆ ಕೆಂಪು. ಕೆಂಪಾದ ಕೂಡಲೇ ನನಗೊಂದು ಫೋನ್, ಆ ಊರಿನ ಸೆಂಟರ್ ನೋಡಿಕೊಳ್ಳುವವರಿಗೆ ಒಂದು ಫೋನ್.

ಮಂಠಾಳದ ಸೆಂಟರ್ ಕಾಶಿಬಾಯಿಯದು. ಮೊದಲು ಆಕೆ ಆಗಾಗ ಟ್ಯಾಂಕಿಗೆ ಕೈ ಮುಟ್ಟಿಸಿ ನೋಡುತ್ತ ಅಲ್ಲೇ ಕೂತಿರುತ್ತಿದ್ದಳು. ಸಾಫ್ಟ್‌ವೇರ್ ಬಂದ ಮೇಲೆ ನಾವೇ ಹೇಳಿದೆವು: ಕೂರಬೇಡಮ್ಮ, ಏನಾದರೂ ಆದರೆ ಫೋನ್ ಬರುತ್ತದೆ. ಅಂದಿನಿಂದ ಆಕೆ ಬೆಳಿಗ್ಗೆ ಹಾಲು ಹಾಕಿಸಿಕೊಂಡು, ಬೀಗ ಹಾಕಿ, ಫೋನನ್ನು ಸೆರಗಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾಳೆ. ಆ ದಿನವೂ ಹಾಗೇ ಹೋದಳು. ಕೂಲಿಂಗ್ ನಿಂತಿತು. ಬಿಸಿಲು ಏರಿತು. ಫೋನ್ ಬರಲಿಲ್ಲ.

ಮುಂದೇನಾಯಿತು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಾಶಿಬಾಯಿಯನ್ನು ಕೆಲಸದಿಂದ ನಿಲ್ಲಿಸಿದರು.

ನಮ್ಮ ಮ್ಯಾನೇಜರ್ ಸಾಹೇಬರ ಬಳಿ ಪುರಾವೆ ಇತ್ತು. ಹಿಂದಿನ ದಿನ ಮಂಠಾಳದ ಟ್ಯಾಂಕಿನಿಂದ ಅಲಾರಾಂ ಕಾಲ್ ಹೋಗಿದೆ, ಕಾಶಿಬಾಯಿ ಅದನ್ನು ಕಟ್ ಮಾಡಿದ್ದಾಳೆ. ಒಂದಲ್ಲ, ಹತ್ತಾರು ಸಲ. ಕಾಲ್ ಕಟ್ ಮಾಡುವವಳು ಮರುದಿನ ನಂಬರನ್ನೇ ಬ್ಲಾಕ್ ಮಾಡಿರಬೇಕು ಅಂದರು ಸಾಹೇಬರು. ಸಾಫ್ಟ್‌ವೇರ್ ಕಂಪನಿಯ ಪುಣೆಯ ಎಂಜಿನಿಯರ್ ಫೋನಿನಲ್ಲೇ ತಲೆಯಾಡಿಸಿದ (ತಲೆಯಾಡಿಸಿದ್ದು ದನಿಯಲ್ಲೇ ಗೊತ್ತಾಗುತ್ತದೆ). ಸಿಸ್ಟಂ ಸರಿ ಇದೆ ಮೇಡಂ, ಮನುಷ್ಯರದ್ದೇ ತಪ್ಪು ಅಂದ.

ನನಗೆ ಅನುಮಾನ ಬಂತು. ನನಗೆ ಅನುಮಾನ ಬರಲು ದೊಡ್ಡ ಕಾರಣ ಬೇಕಿಲ್ಲ ಅಂತ ನಮ್ಮ ಮನೆಯವರು ಹೇಳುತ್ತಾರೆ. ತಕ್ಕಡಿ ನೋಡದೆ ತರಕಾರಿ ಕೊಳ್ಳುವವಳಲ್ಲ, ಬಾಗಿಲ ಬೀಗ ಎರಡು ಸಲ ಎಳೆಯದೆ ಮಲಗುವವಳಲ್ಲ. ಆದರೆ ಈ ಸಲದ ಅನುಮಾನಕ್ಕೆ ಕಾರಣವಿತ್ತು. ಹಿಂದಿನ ದಿನ ಆ ಕಾಲ್ ನನಗೂ ಬಂದಿತ್ತು. ನಾನೂ ಕಟ್ ಮಾಡಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಯಾಕೆ? ನನ್ನ ಕುತ್ತಿಗೆಯಲ್ಲಿ ಐಡಿ ಕಾರ್ಡ್ ಇದೆ, ಆಕೆಯ ಕೈಯಲ್ಲಿ ಕುಡುಗೋಲು ಇದೆ. ಅಷ್ಟೇ.

ನಾವಿಬ್ಬರೂ ಕಟ್ ಮಾಡಿದ್ದೇಕೆ? ಟ್ಯಾಂಕ್ ಖಾಲಿ ಇತ್ತು. ಅಂದು ಅಮವಾಸ್ಯೆ.

ಮಂಠಾಳದ ಮಂದಿ ಅಮವಾಸ್ಯೆಯ ದಿನ ಡೇರಿಗೆ ಹಾಲು ಹಾಕುವುದಿಲ್ಲ. ಅಂದಿನ ಹಾಲು ಮನೆಯದು, ದೇವರದು. ಮಾರಿದರೆ ಎಮ್ಮೆ ಬತ್ತುತ್ತದೆ ಅನ್ನುವವರೂ ಇದ್ದಾರೆ. ಹಾಗಾಗಿ ಅಂದು ಕಾಶಿಬಾಯಿ ಟ್ಯಾಂಕ್ ತೊಳೆದು, ಕೂಲಿಂಗ್ ಆರಿಸಿ ಬಿಡುತ್ತಾಳೆ. ಸಾಫ್ಟ್‌ವೇರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು? ಶುರುವಿನಲ್ಲಿ ಪ್ರತಿ ಅಮವಾಸ್ಯೆಗೂ ಅದು ಟ್ಯಾಂಕ್ ಬಿಸಿಯಾಯಿತು, ಬಿಸಿಯಾಯಿತು ಅಂತ ಬೊಬ್ಬೆ ಹೊಡೆಯುತ್ತಿತ್ತು. ಅದರ ಮೆನುವಿನಲ್ಲಿ ಭಾನುವಾರ ಇದೆ, ತಿಂಗಳ ಕೊನೆ ಇದೆ, ಕ್ರಿಸ್‌ಮಸ್ ಕೂಡ ಇದೆ. ಅಮವಾಸ್ಯೆ ಇಲ್ಲ. ಕೊನೆಗೆ ನಾನೇ ಗೋಡೆಯ ಕ್ಯಾಲೆಂಡರ್ ನೋಡಿ ವರ್ಷದ ಅಮವಾಸ್ಯೆಗಳನ್ನೆಲ್ಲ ತುಂಬಿ, ಆ ದಿನಗಳಲ್ಲಿ ಮಂಠಾಳದ ಟ್ಯಾಂಕಿನ ಬಗ್ಗೆ ಬಾಯಿ ಮುಚ್ಚಿಕೊಂಡಿರು ಅಂತ ಒಂದು ರೂಲ್ ಬರೆದಿದ್ದೆ. ಪುಣೆಯವ ನಕ್ಕಿದ್ದ. ನಗಲಿ. ರೂಲ್ ಕೆಲಸ ಮಾಡುತ್ತಿತ್ತು.

ಆಮೇಲೆ ಅಪ್‌ಗ್ರೇಡ್ ಬಂತು.

ಅಪ್‌ಗ್ರೇಡ್ ಅಂದರೆ ಮನೆಗೆ ಸುಣ್ಣ ಹೊಡೆಯುವವರು ಬಂದ ಹಾಗೆ. ಗೋಡೆ ಬೆಳ್ಳಗಾಗುತ್ತದೆ. ನೀವು ಅಂಗಿ ತೂಗುಹಾಕಲು ಹೊಡೆದುಕೊಂಡಿದ್ದ ಮೊಳೆಗಳು ಮಾಯ. ನಿಮ್ಮ ಫೋನಿಗೂ ಆಗಿರಬೇಕಲ್ಲ? ಬೆಳಿಗ್ಗೆ ಎದ್ದರೆ ಟಾರ್ಚ್ ಇದ್ದಲ್ಲಿ ಕ್ಯಾಮೆರಾ, ಕ್ಯಾಮೆರಾ ಇದ್ದಲ್ಲಿ ಜಾಹೀರಾತು. ಇನ್ನಷ್ಟು ಉತ್ತಮಗೊಳಿಸಿದ್ದೇವೆ ಅಂತ ಮೇಲೊಂದು ಸಾಲು. ಯಾರು ಕೇಳಿದ್ದರು ಸ್ವಾಮಿ?

ಆದ್ದರಿಂದ ಅಪ್‌ಗ್ರೇಡ್ ಮಾಡುವಾಗ ನಾನು ಪುಣೆಯವನ ಬೆನ್ನು ಬಿಟ್ಟಿರಲಿಲ್ಲ. ನಾನು ಬರೆದ ರೂಲ್‌ಗಳೆಲ್ಲ ಬಂದವೇ ಅಂತ ಕೇಳಿದೆ. ಬಂದಿವೆ ಅಂದ. ತೋರಿಸು ಅಂದೆ. ತೋರಿಸಿದ. ಒಂದೊಂದರ ಮುಂದೆಯೂ ಹಸಿರು ಟಿಕ್. ಅಮವಾಸ್ಯೆ ಅನ್ನುವ ಹೆಸರೂ ಇತ್ತು. ನಾನು ಸುಮ್ಮನಾದೆ. ಅಲ್ಲೇ ಎಡವಿದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಡೇರಿಯವಳಾದ ನನಗೇ ನೆನಪಾಗಬಾರದೇ?

ಕಾಶಿಬಾಯಿ ಕೆಲಸ ಕಳೆದುಕೊಂಡ ದಿನ ಆ ರೂಲ್ ತೆರೆದು ನೋಡಿದೆ. ಹೆಸರು ಅದೇ, ಹೊಟ್ಟೆಯೊಳಗಿನದು ಬೇರೆ. ನಾನು ತುಂಬಿದ್ದ ದಿನಾಂಕಗಳು ಒಂದೂ ಇರಲಿಲ್ಲ. ಅವುಗಳ ಜಾಗದಲ್ಲಿ ಒಂದೇ ಸಾಲು: ಮೂವತ್ತು ದಿನಕ್ಕೊಮ್ಮೆ. ಹೊಸ ವರ್ಷನ್‌ಗೆ ಹೀಗೆ ಬಿಡಿಬಿಡಿ ದಿನಾಂಕ ಹಿಡಿಸುವುದಿಲ್ಲವಂತೆ. ಸುಮಾರು ತಿಂಗಳಿಗೊಂದು ಇವೆ ಅಂತ ತಾನೇ ಲೆಕ್ಕ ಹಾಕಿ, ತಾನೇ ತಿದ್ದಿ, ತಾನೇ ಟಿಕ್ ಹಾಕಿಕೊಂಡಿದೆ.

ಚಂದ್ರ ಮೂವತ್ತು ದಿನ ಕಾಯುತ್ತಾನೆಯೇ? ಅವನದು ಇಪ್ಪತ್ತೊಂಬತ್ತೂವರೆ. ತಿಂಗಳಿಗೆ ಅರ್ಧ ದಿನದ ಹಾಗೆ ರೂಲ್ ಹಿಂದೆ ಬಿತ್ತು. ಮೊದಲ ಅಮವಾಸ್ಯೆಗೆ ಸರಿಹೋಯಿತು, ಆಮೇಲೆ ಜಾರಿತು. ಹೋದ ವಾರ ಅಮವಾಸ್ಯೆಯ ದಿನ, ಟ್ಯಾಂಕ್ ಖಾಲಿ ಇದ್ದಾಗ, ಕೂಗಿ ಕೂಗಿ ನಮ್ಮ ಪ್ರಾಣ ತಿಂದಿತು. ಮರುದಿನ, ಟ್ಯಾಂಕ್ ತುಂಬ ಹಾಲಿದ್ದಾಗ, ಅಮವಾಸ್ಯೆ ಅಂದುಕೊಂಡು ಬಾಯಿ ಮುಚ್ಚಿತು. ಪರದೆಯ ಮೇಲೆ ಮಂಠಾಳ ಹಸಿರು ಹಸಿರು.

ನನಗೆ ನನ್ನ ಮೇಲೇ ಸಿಟ್ಟು ಬಂತು. ಆ ಅಮವಾಸ್ಯೆಯ ಬೆಳಿಗ್ಗೆಯೇ ನನ್ನ ಸ್ಕೂಟಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದವಳು ನಾನು (ನಗಬೇಡಿ, ನಿಮ್ಮ ಗಾಡಿಗೂ ಇದೆ). ಅಮವಾಸ್ಯೆ ಅಂತ ಗೊತ್ತಿದ್ದೂ, ಆ ಕಾಲ್ ಇವತ್ತು ಬರಬಾರದಿತ್ತಲ್ಲ ಅಂತ ಒಂದು ನಿಮಿಷ ಯೋಚಿಸಿದ್ದರೆ ಕಾಶಿಬಾಯಿಯ ಕೆಲಸ ಉಳಿಯುತ್ತಿತ್ತು. ಎಲ್ಲರ ಮೇಲೂ ಅನುಮಾನಪಡುವ ನಾನು ಅನುಮಾನಪಡಬೇಕಾದ ದಿನವೇ ಪಡಲಿಲ್ಲ.

ಪುಣೆಗೆ ಫೋನ್ ಹಚ್ಚಿದೆ. ಆತ ನಾಚಲಿಲ್ಲ. ನೀವು ಕಸ್ಟಮೈಸ್ ಮಾಡಿದ್ದೇ ತಪ್ಪು, ಇದ್ದದ್ದನ್ನು ಇದ್ದ ಹಾಗೇ ಬಳಸಿ ಅಂದ. ಅಂದರೆ ಮಂಠಾಳದ ಎಮ್ಮೆಗಳು ಪುಣೆಯ ಮೆನು ನೋಡಿಕೊಂಡು ಹಾಲು ಕೊಡಬೇಕೇ? ಸಾಹೇಬರಿಗೆ ಎಲ್ಲವನ್ನೂ ಪರದೆಯ ಮೇಲೆ ತೋರಿಸಿದೆ. ಟೆಕ್ನಿಕಲ್ ಇಶ್ಯೂ ಅಂತ ಬರೆದುಬಿಡಿ, ಆಕೆಯನ್ನು ಕರೆಸಿಕೊಳ್ಳಿ ಅಂದರು. ಮೊದಲ ದಿನ ಇದೇ ಸಾಹೇಬರ ಬಾಯಲ್ಲಿ ಇದು ನಿರ್ಲಕ್ಷ್ಯವಾಗಿತ್ತು. ತಪ್ಪು ಮನುಷ್ಯರ ಮೇಲಿಂದ ಮಷೀನಿನ ಮೇಲೆ ಹೋದದ್ದೇ ತಡ, ಇಶ್ಯೂ ಆಯಿತು.

ಹೇಳಲು ನಾನೇ ಹೋದೆ. ಬಸವಕಲ್ಯಾಣ ದಾಟಿ ಮಂಠಾಳ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಕಾಶಿಬಾಯಿ ಅಂಗಳದಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಕುಳಿತುಕೊಳ್ಳಲು ಹೇಳಿದಳು, ನೀರು ಕೊಟ್ಟಳು, ನಾನು ಹೇಳಿದ್ದನ್ನೆಲ್ಲ ಕೇಳಿದಳು. ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಆಕೆ ನನ್ನನ್ನೇ ಅನುಮಾನದಿಂದ ನೋಡಿದಳು.

"ಅಂದ್ರ ನಾ ಕಟ್ ಮಾಡಿದ್ದು ನಿಮಗ ಕಾಣತೈತಿ. ಮಷೀನ್ ಫೋನ್ ಹಚ್ಚದೆ ಇದ್ದದ್ದು ಯಾರಿಗೂ ಕಾಣಂಗಿಲ್ಲ. ಹೌದಲ್ರಿ?"

ಹೌದು ಅಂದೆ.

ಕೆಲಸಕ್ಕೆ ಬರುತ್ತೇನೆ, ಆದರೆ ಇನ್ನು ಮೇಲೆ ಟ್ಯಾಂಕ್ ಬಿಟ್ಟು ಹೊಲಕ್ಕೆ ಹೋಗುವುದಿಲ್ಲ, ನಿಮ್ಮ ಮಷೀನನ್ನು ನೀವು ನಂಬಿರಿ ಅಂದಳು. ಊರಿನ ಹೆಂಗಸರು ಈಗ ಎದುರು ಸಿಕ್ಕರೂ ತನ್ನ ಮೋರೆ ನೋಡುವುದಿಲ್ಲವಂತೆ. ಕಾಶಿಬಾಯಿ ಮಲಗಿಬಿಟ್ಟಳು, ಫೋನ್ ಬಂದ್ ಮಾಡಿ ಮಲಗಿಬಿಟ್ಟಳು ಅಂತ ಬಾವಿಯ ಹತ್ತಿರ ಮಾತಾಡಿದ್ದು ಕಿವಿಗೆ ಬಿದ್ದಿದೆ. ನಾನೇ ನಾಲ್ಕು ಮನೆಗೆ ಹೋಗಿ ಹೇಳುತ್ತೇನೆ ಅಂದೆ. ಆಕೆ ಮೊರ ಕೆಳಗಿಟ್ಟಳು.

"ಏನಂತ ಹೇಳ್ತೀರಿ ಅಕ್ಕೋರ? ಚಂದ್ರನ ಲೆಕ್ಕ ತಪ್ಪೈತಿ ಅಂತ ಹೇಳ್ತೀರೇನು? ಕೆಲಸ ಕೊಟ್ರಿ, ಖರೇ. ಬದ್ನಾಮ ಆಗೀನಲ್ರಿ, ಅದನ್ನ ಯಾರು ತಗೀತಾರ?"

ಆದರೂ ಎರಡು ಮನೆಗೆ ಹೋದೆ. ಸಾಫ್ಟ್‌ವೇರ್, ವರ್ಷನ್, ಮೂವತ್ತು ದಿನ ಅಂತ ಆದಷ್ಟು ಸರಳವಾಗಿ ಹೇಳಿದೆ. ತಲೆಯಾಡಿಸಿದರು, ಚಹಾ ಕೊಟ್ಟರು. ಎರಡನೇ ಮನೆಯಾಕೆ ಬಾಗಿಲವರೆಗೆ ಬಂದು, ಕಾಶಿಬಾಯಿ ನಿಮಗೆ ಸಂಬಂಧ ಏನಾಗಬೇಕು ಅಂತ ಕೇಳಿದಳು.

ನಿನ್ನೆ ಪುಣೆಯಿಂದ ಮೇಲ್ ಬಂದಿದೆ. ಚಿಕ್ಕ ದೋಷವೊಂದನ್ನು ಸರಿಪಡಿಸಿದ್ದೇವೆ, ಹೊಸ ವರ್ಷನ್ ಹಾಕಿಕೊಳ್ಳಿ, ಒಗ್ಗದಿದ್ದರೆ ಹಳೆಯದಕ್ಕೆ ಮರಳಲು ಒಂದು ಬಟನ್ ಒತ್ತಿದರೆ ಸಾಕು ಅಂತ ಬರೆದಿದ್ದಾರೆ.

ಮಂಠಾಳದ ಮಂದಿಯ ಬಾಯಿಗೆ ಆ ಬಟನ್ ಎಲ್ಲಿದೆ?