ಸುನಂದಮ್ಮನವರ ದವಡೆ

ಮಿರ್ಲೆಯ ಸುನಂದಮ್ಮನವರಿಗೆ ಕೋಪವೇ ಬರುವುದಿಲ್ಲ ಎಂಬುದು ಸುತ್ತಲಿನ ನಾಲ್ಕೂರಿಗೆ ಗೊತ್ತಿದ್ದ ಸಂಗತಿ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ಸ್ಕೂಲ್ ಮೇಡಂ ಆಗಬೇಕೆಂದು ಟಿ.ಸಿ.ಎಚ್. ಅರ್ಜಿ ತುಂಬಿಟ್ಟಿದ್ದ ಹುಡುಗಿ. ಅರ್ಜಿ ಕಳಿಸುವ ಮೊದಲೇ ಮದುವೆ ನಿಶ್ಚಯವಾಯಿತು. ನಾಲೆ ಬಯಲಿನಲ್ಲಿ ಕಬ್ಬು, ಭತ್ತ ಬೆಳೆಯುವ ತುಂಬಿದ ಮನೆಗೆ ಹಿರಿಸೊಸೆಯಾಗಿ ಬಂದರು. ಅಲ್ಲಿಂದ ಮುಂದೆ ಬೆಳಗಿನ ನಾಲ್ಕಕ್ಕೆ ಏಳುವುದು, ಹನ್ನೊಂದು ಜನಕ್ಕೆ ಬೇಯಿಸುವುದು, ಯಾರು ಏನೆಂದರೂ "ಆಗ್ಲಿ" ಎನ್ನುವುದು.

ಕೋಪವಿಲ್ಲದ ಈ ಸೊಸೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದರು. ಹಳೆಯ ಮನೆ, ಗೋಡೆಗಳು ಸೂರಿನವರೆಗೆ ಏರಿರಲಿಲ್ಲ. ಬೀಸುಕಲ್ಲಿನಲ್ಲಿ ಮರಳು ಬಿದ್ದಂಥ ಆ ಸದ್ದು ಆಚೆ ಕೋಣೆಯ ಅತ್ತೆ ಚಿಕ್ಕಬೀರಮ್ಮನವರ ಕಿವಿಗೂ ಬೀಳುತ್ತಿತ್ತು. ಪಕ್ಕದಲ್ಲೇ ಮಲಗುತ್ತಿದ್ದ ಗಂಡ ಲಿಂಗಣ್ಣನಿಗೆ ಮಾತ್ರ ಕೇಳಿಸುತ್ತಿರಲಿಲ್ಲ. ಹೆಂಡತಿ ಎಚ್ಚರವಿದ್ದಾಗ ಆಡಿದ್ದೂ ಅವನಿಗೆ ಅಷ್ಟಾಗಿ ಕೇಳಿಸಿದ್ದಿಲ್ಲ.

"ಒಟ್ಟೇಲಿ ಉಳ ಆಗವೆ ಕಣಮ್ಮಿ," ಎಂದು ಅತ್ತೆ ತೀರ್ಮಾನ ಕೊಟ್ಟರು. ಬೇವಿನ ರಸ ಕುಡಿಸಿದರು, ಹುಳದ ಮಾತ್ರೆ ನುಂಗಿಸಿದರು. ಒಂದು ಹುಳವೂ ಬೀಳಲಿಲ್ಲ. ಹಲ್ಲು ಕಡಿಯುವುದೂ ನಿಲ್ಲಲಿಲ್ಲ.

ವರ್ಷಗಳು ಕಳೆದಂತೆ ಸುನಂದಮ್ಮನವರಿಗೆ ಬೆಳಿಗ್ಗೆ ಎದ್ದಾಗ ತಲೆ ಸಿಡಿಯತೊಡಗಿತು, ದವಡೆ ಮರಗಟ್ಟಿದಂತಿರುತ್ತಿತ್ತು. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಕಡಿದೂ ಕಡಿದೂ ದವಡೆಯ ಮಾಂಸ ಬಲಿತು ಮುಖ ಅಗಲವಾಯಿತು. "ಸುನಂದ ಮೈಕೈ ತುಂಬ್ಕಂಡವ್ಳೆ, ಅತ್ತೆ ಚೆಂದಾಗ್ ನೋಡ್ಕತಾರೆ," ಎಂದು ನೆಂಟರು ಮೆಚ್ಚಿಕೊಂಡು ಹೋದರು. ಸುನಂದಮ್ಮನವರಿಗೆ ಅಗಿಯಲು ಆಗುತ್ತಿಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಮುದ್ದೆ ನುಂಗುವ ಮನೆಯಲ್ಲಿ ಅಗಿಯದವರನ್ನು ಯಾರು ಕಂಡುಹಿಡಿಯುತ್ತಾರೆ? ಕೋಳಿ ಸಾರಿನ ದಿನ ತುಂಡುಗಳನ್ನು ಮೈದುನಂದಿರ ತಟ್ಟೆಗೆ ಹಾಕಿಬಿಡುತ್ತಿದ್ದರು. ಅದೂ ಅವರ ಒಳ್ಳೆಯತನದ ಖಾತೆಗೇ ಹೋಯಿತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಕೊನೆಯ ಮೈದುನನ ಸಂಬಂಧ ಮಾತಾಡಲು ಪಿರಿಯಾಪಟ್ಟಣದ ಕಡೆಯಿಂದ ಹೆಣ್ಣಿನವರು ಬಂದರು. ಚಿಕ್ಕಬೀರಮ್ಮ ಹಜಾರದಲ್ಲಿ ಕುಳಿತು ಮನೆತನದ ವಿಷಯ ಹೇಳುತ್ತಿದ್ದರು.

"ನಮ್ ದೊಡ್ ಸೊಸೆ ಬಂದು ಇಪ್ಪತ್ತೆರಡು ವರ್ಸ ಆಯ್ತು ಕಣವ್ವ. ಒಂದ್ ದಿನಕ್ಕೂ ಬಾಯ್ ಬುಟ್ಟೋಳಲ್ಲ."

ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಸುನಂದಮ್ಮನವರಿಗೆ ಆಗಲೇ ದೊಡ್ಡದೊಂದು ಆಕಳಿಕೆ ಬಂತು. ಕಿವಿಯ ಬುಡದಲ್ಲಿ ಲಟಕ್ಕೆಂದಿತು. ತೆರೆದ ಬಾಯಿ ಮುಚ್ಚಲಿಲ್ಲ.

ಮೊದಲು ಹೆಣ್ಣಿನವರು ನಕ್ಕರು. ಆಮೇಲೆ ಸುನಂದಮ್ಮನವರ ಕಣ್ಣಲ್ಲಿ ನೀರು ಕಂಡು ಹೆದರಿದರು. ಯಾರೋ ಗಾಳಿ ಸೋಕಿದೆ ಎಂದರು. ಲಿಂಗಣ್ಣ ಹೆಂಡತಿಯ ಮುಖವನ್ನು ಬಹಳ ವರ್ಷಗಳ ನಂತರ ಸರಿಯಾಗಿ ನೋಡಿ, ಓಡಿಹೋಗಿ ಜೀಪು ತಂದ.

ಕೆ.ಆರ್. ನಗರದಲ್ಲಿ ಹಲ್ಲಿನ ಡಾಕ್ಟರು ಬೃಂದಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎರಡೂ ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿದಳು. ದವಡೆ ತನ್ನ ಜಾಗಕ್ಕೆ ಕೂತಿತು. ಆಮೇಲೆ ಟಾರ್ಚು ಬಿಟ್ಟು ನೋಡಿ ಬೆರಗಾದಳು.

"ನಲವತ್ತರ ವಯಸ್ಸಿಗೆ ಹಲ್ಲು ಇಷ್ಟು ಸವೆದಿದೆಯಲ್ಲ! ನಿದ್ದೇಲಿ ಕಡೀತೀರಾ? ಮನಸ್ಸಿಗೆ ಏನಾದ್ರೂ ಚಿಂತೆ ಇದ್ಯಾ ಅಮ್ಮ?"

"ಅವಳ್ಗ್ಯಾವ ಚಿಂತೆ, ಡಾಕ್ಟ್ರಮ್ಮ? ಎಲ್ಲಾ ನಾವೇ ನೋಡ್ಕತೀವಿ," ಎಂದರು ಚಿಕ್ಕಬೀರಮ್ಮ.

"ತಲೆನೋವು ಬರುತ್ತಾ?"

"ಇಲ್ಲ, ಅಂಗೇನಿಲ್ಲ," ಎಂದರು, ಅದೂ ಚಿಕ್ಕಬೀರಮ್ಮನವರೇ.

ಡಾಕ್ಟರು ಇನ್ನೇನೂ ಕೇಳಲಿಲ್ಲ. ಮೆತ್ತಗಿನ ಊಟ, ಬಿಸಿನೀರಿನ ಶಾಖ, ಆಕಳಿಸುವಾಗ ಗಲ್ಲಕ್ಕೆ ಕೈ ಆಸರೆ, ಕೆಲವು ವಾರ ಬಾಯಿ ಹೆಚ್ಚು ತೆರೆಯಬಾರದು ಎಂದಳು. ಆ ಕೊನೆಯ ಪಥ್ಯ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಯಿತು. ರಾತ್ರಿ ಹಲ್ಲಿಗೆ ಹಾಕಿಕೊಳ್ಳಲು ಪ್ಲಾಸ್ಟಿಕ್ಕಿನ ಕವಚವೊಂದನ್ನು ಮೈಸೂರಿನಲ್ಲಿ ಮಾಡಿಸಿಕೊಡುವುದಾಗಿಯೂ, ಅದನ್ನು ಉಜ್ಜಿ ಸರಿಪಡಿಸಲು ಮೂರು ಸಲ ಬರಬೇಕೆಂದೂ ಹೇಳಿದಳು. "ಇದು ಹಲ್ಲು ಸವೆಯೋದನ್ನ ತಡೆಯುತ್ತೆ, ಅಷ್ಟೆ. ಕಡಿಯೋದು ನಿಲ್ಲುತ್ತೆ ಅಂತ ನಾನು ಹೇಳಲ್ಲ."

ಮೂರು ಸಲವೂ ಸುನಂದಮ್ಮ ಒಬ್ಬರೇ ಬಸ್ಸಿನಲ್ಲಿ ಬಂದರು. ಕಬ್ಬು ಕಡಿಯುವ ಕಾಲ, ಯಾರಿಗೂ ಬಿಡುವಿರಲಿಲ್ಲ. ಮೂರನೆಯ ಸಲ ಡಾಕ್ಟರು ಕವಚ ಉಜ್ಜುತ್ತಿರುವಾಗ ತಾವಾಗಿಯೇ ಬಾಯಿ ತೆರೆದರು. ಟಿ.ಸಿ.ಎಚ್. ಅರ್ಜಿಯಿಂದ ಶುರುವಾದ ಮಾತು, ಊಟ ಆಯಿತಾ ಎಂದು ತಮ್ಮನ್ನು ಯಾರೂ ಕೇಳಿಲ್ಲ ಎಂಬಲ್ಲಿಗೆ ಬರುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ಡಾಕ್ಟರು ಕೈಕೆಲಸ ನಿಲ್ಲಿಸಿ ಕೇಳಿದಳು.

"ಇನ್ನು ಆರು ತಿಂಗಳು ಬಿಟ್ಟು ಬಂದ್ರೆ ಸಾಕು," ಎಂದಳು ಕೊನೆಗೆ.

ಮನೆಗೆ ಬಂದ ಸುನಂದಮ್ಮ, "ತಿಂಗ್ಳಿಗೊಂದ್ ಸಲ ಬರ್ಬೇಕಂತೆ ಅತ್ತೆ. ಎಷ್ಟು ದಿನ ಅಂತ ಏಳಕ್ಕಾಗಲ್ವಂತೆ," ಎಂದರು. ಮದುವೆಯಾದ ಮೇಲೆ ಅವರು ಹೇಳಿದ ಮೊದಲ ಸುಳ್ಳು ಅದು. ಸುಳ್ಳು ಹೇಳದವರು ಎಂಬ ಹೆಸರಿದ್ದುದರಿಂದ ಸಲೀಸಾಗಿ ನಡೆಯಿತು.

ನಾಲ್ಕು ವರ್ಷ ಹಾಗೆ ನಡೆಯಿತು. ತಿಂಗಳಿಗೊಂದು ದಿನ ಮನೆಯ ಅಡುಗೆ ಬೇರೆಯವರದು. ಸುನಂದಮ್ಮ ಹತ್ತೂವರೆಯ ಬಸ್ಸು ಹತ್ತಿ, ಕೆ.ಆರ್. ನಗರದ ಹೋಟೆಲಿನಲ್ಲಿ ಇನ್ನೊಬ್ಬರು ಮಾಡಿದ ಇಡ್ಲಿಯನ್ನು ಕೂತು ತಿನ್ನುತ್ತಿದ್ದರು. ಅರ್ಕೇಶ್ವರನ ಗುಡಿಯ ಹತ್ತಿರ ಹೊಳೆ ನೋಡುತ್ತಾ ಮೂರು ಗಂಟೆಯವರೆಗೆ ಸುಮ್ಮನಿರುತ್ತಿದ್ದರು. ಡಾಕ್ಟರ ಮೆಟ್ಟಿಲು ಹತ್ತಿದ್ದು ವರ್ಷಕ್ಕೆರಡೇ ಸಲ. ತಲೆನೋವು ಕಡಿಮೆಯಾಯಿತು, ಎಡಗಡೆ ದವಡೆಯ ಲಟಲಟ ಮಾತ್ರ ಉಳಿಯಿತು.

ಎರಡು ಸಾವಿರದ ಎರಡರಲ್ಲಿ ಚಿಕ್ಕಬೀರಮ್ಮನವರ ಹಲ್ಲೊಂದು ನೋಯತೊಡಗಿತು. ಸೊಸೆ ಬಸ್ಸಿಗೆ ಹೊರಡುವ ದಿನ ಬೆಳಿಗ್ಗೆ ಒಗೆದ ಸೀರೆಯುಟ್ಟು ಜಗಲಿಯಲ್ಲಿ ಕುಳಿತರು. "ನಾನೂ ಬತ್ತೀನಿ ನಡಿಯಮ್ಮಿ, ನಿನ್ ಡಾಕ್ಟ್ರಿಗೇ ತೋರುಸ್ಕತೀನಿ."

ಸುನಂದಮ್ಮ ಚೀಲ ಹೆಗಲಿಗೇರಿಸಿದರು.

"ಬ್ಯಾಡಿ ಅತ್ತೆ. ಸಾಲಿಗ್ರಾಮದಲ್ಲೂ ಹಲ್ಲಿನ ಡಾಕ್ಟ್ರವ್ರೆ. ನಿಮ್ ಮಗನ್ನ ಕರ್ಕಂಡೋಗಿ."

ಹಜಾರದಲ್ಲಿ ಪೇಪರು ಓದುತ್ತಿದ್ದ ಲಿಂಗಣ್ಣನಿಗೆ ಇದು ಸ್ಪಷ್ಟವಾಗಿ ಕೇಳಿಸಿತು. ಪೇಪರು ಮಡಿಸಿಟ್ಟು, ಚಪ್ಪಲಿ ಎಲ್ಲಿ ಎಂದು ಹುಡುಕತೊಡಗಿದ. ಚಿಕ್ಕಬೀರಮ್ಮ ಕೆನ್ನೆ ಹಿಡಿದುಕೊಂಡು ಸೊಸೆಯನ್ನೇ ನೋಡಿದರು. ಕೊನೆಗೆ, "ಆಗ್ಲಿ," ಎಂದರು.

ಬಸ್ಸು ಆ ದಿನ ಹತ್ತು ನಿಮಿಷ ತಡವಾಗಿ ಬಂತು. ಸುನಂದಮ್ಮನವರಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು.